ಮಿರಗದ ಮೊದಲ ಮೀನು

ಕಮಲಾಪುರ,
ಭಾನುವಾರ, ೧೮ ಜೂನ್ ೧೯೫೦

ಪ್ರೀತಿಯ ಅಣ್ಣಾ,

ನಿನ್ನ ತಂಗಿ ಜಯದೇವಿಯ ನಮಸ್ಕಾರ. ಕೆಮ್ಮು ಹೇಗಿದೆ? ಎರಡು ವಾರದಿಂದ ಕಫದಲ್ಲಿ ರಕ್ತ ಕಂಡಿಲ್ಲ ಎಂದು ನೀನು ಬರೆದ ಸಾಲನ್ನು ಅವ್ವ ನನ್ನಿಂದ ಮೂರು ಸಲ ಓದಿಸಿದಳು. ಆಮೇಲೆ ಆ ಸಾಲು ಎಲ್ಲಿದೆ ಎಂದು ಕೇಳಿ, ಓದಲು ಬಾರದಿದ್ದರೂ ಅದರ ಮೇಲೆ ಬೆರಳಾಡಿಸಿದಳು. ತೂಕ ಎಷ್ಟಾಗಿದೆ? ಡಾಕ್ಟರು ಹೇಳಿದಂತೆ ಮಧ್ಯಾಹ್ನ ಎರಡು ತಾಸು ಸುಮ್ಮನೆ ಮಲಗುತ್ತೀಯೋ, ಅಥವಾ ವರಾಂಡದಲ್ಲಿ ನಿಂತು ಗುಡ್ಡ ನೋಡುತ್ತೀಯೋ? ನಿನ್ನ ಸ್ವಭಾವ ನನಗೆ ಗೊತ್ತು. ಹಸಿ ಮೊಟ್ಟೆ ವಾಸನೆ ಎಂದು ಪಕ್ಕದ ಹಾಸಿಗೆಯವನಿಗೆ ಕೊಟ್ಟುಬಿಡಬೇಡ. ಕಣ್ಣು ಮುಚ್ಚಿ ನುಂಗು.

ಇಲ್ಲಿ ಎಲ್ಲರೂ ಕ್ಷೇಮ. ಮಳೆಯ ತಂಪಿಗೆ ಅವ್ವನ ಮೊಣಕಾಲು ಹಿಡಿದುಕೊಂಡಿದೆ, ಆದರೂ ಒಂದು ಕಡೆ ಕೂಡುವವಳಲ್ಲ. ಮಿರಗದ ಮಳೆ ಕೂಡಿದ ಮೂರನೆಯ ದಿನ ಬೀಸಿದ ಗಾಳಿಗೆ ಕೆರೆಯ ಕೆಳಗಿನ ನಮ್ಮ ತೋಟದಲ್ಲಿ ಹನ್ನೊಂದು ಬಾಳೆಗಿಡ ಬಿದ್ದವು. ಒಂದರಲ್ಲಿ ಕೆಂಪು ಗೊನೆ ಅರ್ಧ ಬಲಿತಿತ್ತು. ಅಪ್ಪ ಅದರ ಮುಂದೆ ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕುಳಿತು ಎದ್ದು ಬಂದ. ಮಳೆ ಮಾತ್ರ ಚೆನ್ನಾಗಿ ಆಗಿದೆ. ಹಳ್ಳ ಎರಡು ದಿನ ಕೆಂಪಾಗಿ ಹರಿಯಿತು. ದೊಡ್ಡಕೆರೆಯ ನೀರು ತೂಬಿನ ಮೂರನೆಯ ಮೆಟ್ಟಿಲಿಗೆ ಬಂದಿದೆ. ಈಚೆ ಏರಿಯ ಮೇಲೆ ನಿಂತರೆ ಆಚೆ ದಂಡೆಯಲ್ಲಿ ಮೇಯುವ ಎಮ್ಮೆಗಳು ಇರುವೆಗಳಂತೆ ಕಾಣುತ್ತವೆ.

ಕೆರೆಗೆ ಹೊಸ ನೀರು ಬಂತೇ, ಗಾಳ ಹಾಕುವವರು ಯಾರಾದರೂ ಬಂದರೇ, ಎಲ್ಲ ಬಿಡಿಸಿ ಬರೆ ಎಂದು ಕೇಳಿದ್ದೀ. ಹೊಸ ನೀರು ಬಂದ ಮೊದಲ ಹದಿನೈದು ದಿನವೇ ಮರಲ್ ಮೀನಿನ ಸುಗ್ಗಿ, ಆಮೇಲೆ ನೀರು ಹರಡಿ ಮೀನು ಎಲ್ಲೆಲ್ಲೋ ಹೋಗಿಬಿಡುತ್ತದೆ ಎಂದು ನೀನೇ ಹೇಳುತ್ತಿದ್ದೆ. ಹಾಸಿಗೆಯಲ್ಲಿ ಮಲಗಿ ಆ ಹದಿನೈದು ದಿನ ಎಣಿಸುತ್ತಿರುವೆ ಎಂದು ನನಗೆ ಗೊತ್ತು. ಅದಕ್ಕೇ ಈ ಸಲ ನಾಲ್ಕು ಹಾಳೆ ತೆಗೆದುಕೊಂಡು ಕುಳಿತಿದ್ದೇನೆ. ಅಣ್ಣಾ, ಬುರ್ಹಾನ್ ಚಾಚಾ ಬಂದಿದ್ದರು.

ಹೌದು, ಅವರೇ. ಬುಧವಾರ ಬೆಳಿಗ್ಗೆ ಕಲಬುರಗಿಯಿಂದ ಬರುವ ಮೊದಲ ಬಸ್ಸಿಗೆ ಇಳಿದರು. ಈ ಸಲ ಪಾತ್ರೆಗೆ ಕಲಾಯಿ ಹಾಕುವ ತಿದಿ, ತವರದ ಪೆಟ್ಟಿಗೆ ಯಾವುದೂ ಇರಲಿಲ್ಲ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಬಿದಿರು ಕೋಲು ಒಂದು, ಬಗಲಲ್ಲಿ ಡಬ್ಬಿ ಒಂದು, ಅಷ್ಟೇ. ನಿನಗೆ ಹನ್ನೆರಡು ವರ್ಷವಿದ್ದಾಗ ನಿನ್ನ ಕೈಗೆ ಮೊದಲ ಗಾಳ ಕೊಟ್ಟರಲ್ಲ, ಆಗ ಅವರ ಗಡ್ಡ ಕಪ್ಪಿತ್ತು. ಈಗ ಒಂದು ಕರಿ ಕೂದಲೂ ಇಲ್ಲ. ಊರೊಳಗೆ ಬರಲಿಲ್ಲ, ಯಾರನ್ನೂ ಮಾತಾಡಿಸಲಿಲ್ಲ. ನೆಟ್ಟಗೆ ಏರಿಯ ದಾರಿ ಹಿಡಿದರು. ತೋಟದಲ್ಲಿ ಬಿದ್ದ ಎಲೆ ಆರಿಸುತ್ತಿದ್ದ ನಾನು ಮೊದಲು ನೋಡಿದೆ. ಅಪ್ಪನಿಗೆ ತೋರಿಸಿದರೆ ಅಪ್ಪ ಕೈಯಲ್ಲಿದ್ದ ಕುಡುಗೋಲು ಕೆಳಗೆ ಹಾಕಿ ಬಾಳೆಗಿಡದ ಹಿಂದೆ ಸರಿದು ನಿಂತುಬಿಟ್ಟ. ಮನೆಗೆ ಓಡಿ ಅವ್ವನಿಗೆ ಹೇಳಿದೆ. "ನಾ ಯಾವ ಮಾರಿ ತಗೊಂಡು ಅವರ ಮುಂದ ಹೋಗ್ಲಿ, ಜಯಾ?" ಎಂದು ಅವ್ವ ಒಲೆಯ ಮುಂದೆ ಕುಳಿತಳು.

ನಲವತ್ತೆಂಟರ ಆ ಸಪ್ಟೆಂಬರಿನ ಮಾತನ್ನು ನಾವು ಯಾವ ಕಾಗದದಲ್ಲೂ ಎತ್ತಿಲ್ಲ. ನೀನೂ ಬರೆದಿಲ್ಲ, ನಾನೂ ಬರೆದಿಲ್ಲ. ಇವತ್ತು ಒಂದು ಸಲ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನನ್ನಿಂದ ಬರೆಯಲಾಗುವುದಿಲ್ಲ. ಅದಕ್ಕೆ ಮೊದಲು ರಜಾಕಾರರ ಹೆದರಿಕೆಗೆ ನಾವೂ ಕಾಳು ನೆಲದಲ್ಲಿ ಹೂತು, ಬಾಗಿಲ ಸಪ್ಪಳಕ್ಕೆ ಎದ್ದು ಕೂಡುತ್ತಿದ್ದವರೇ. ಪೊಲೀಸ್ ಆ್ಯಕ್ಷನ್ ಆಗಿ ಮಿಲ್ಟ್ರಿ ಕಲಬುರಗಿಗೆ ಬಂತು ಎಂದು ಗೊತ್ತಾದಾಗ ಓಣಿಯಲ್ಲಿ ಸಕ್ಕರೆ ಹಂಚಿದರು. ಮರುವಾರವೇ ಬಡಿಗೆ, ಕೊಡಲಿ ಹಿಡಿದ ಗುಂಪು ಮುಸಲ್ಮಾನರನ್ನು ಹುಡುಕುತ್ತಾ ಊರೊಳಗೆ ನುಗ್ಗಿತು. ಹೊರಗಿನವರಷ್ಟೇ ಅಲ್ಲ, ನಮಗೆ ಗೊತ್ತಿದ್ದ ಮುಖಗಳೂ ಅದರಲ್ಲಿದ್ದವು. ಚಾಚಾ ಆ ದಿನ ಪಾತ್ರೆಗಳಿಗೆ ಕಲಾಯಿ ಹಾಕಲು ಬಂದವರು ಊರಲ್ಲೇ ಸಿಕ್ಕಿಕೊಂಡರು. ನಡುಮಧ್ಯಾಹ್ನ ನಮ್ಮ ಬಾಗಿಲು ಬಡಿದರು. ಅಪ್ಪನನ್ನಲ್ಲ, ನಿನ್ನನ್ನು ಕರೆದರು: "ಭೀಮ್ಯಾ, ನಾನೋ, ಬಾಗ್ಲಾ ತೆಗಿ." ಅಪ್ಪ ಎದ್ದ. ನೀನು ಅಡ್ಡ ಬಂದು, "ಬ್ಯಾಡಪ್ಪಾ, ಜಯಾ ಒಳಗ ಇದ್ದಾಳ" ಎಂದು ಚಿಲಕ ಹಾಕಿದೆ. ಎದ್ದ ಅಪ್ಪ ಕುಳಿತ. ಹೊರಗೆ ಮತ್ತೊಂದು ಸಲ ಬಡಿದ ಸಪ್ಪಳ ಆಯಿತು, ಆಮೇಲೆ ಆಗಲಿಲ್ಲ.

ನಿನ್ನನ್ನು ದೂರಲು ಇದನ್ನು ಬರೆಯುತ್ತಿಲ್ಲ. ನಿನಗಾಗ ಇಪ್ಪತ್ತೊಂದು, ನನಗೆ ಹದಿನೇಳು. ನನ್ನ ಹೆಸರು ಹೇಳಿ ಹಾಕಿದ ಚಿಲಕ ಅದು, ಹಾಗಾಗಿ ಅದರಲ್ಲಿ ನನ್ನ ಪಾಲೂ ಇದೆ. ಚಾಚಾ ಬದುಕಿದ್ದಾರೆ, ಕಲಬುರಗಿಯ ಮೋಮಿನಪುರದ ಮನೆ ಮುಟ್ಟಿದ್ದಾರೆ ಎಂದು ತಿಂಗಳ ಮೇಲೆ ಗೊತ್ತಾದಾಗ ನೀನು ಹಿತ್ತಲಲ್ಲಿ ನಿಂತು ಅತ್ತದ್ದನ್ನು ನಾನು ನೋಡಿದ್ದೇನೆ. ಅವರು ಆಮೇಲೆ ಹೋದ ವರ್ಷದ ಮಿರಗಕ್ಕೂ ಈ ಕಡೆ ಸುಳಿಯಲಿಲ್ಲ. ನೀನು ನಿನ್ನ ಗಾಳದ ಕೋಲನ್ನು ಅಟ್ಟಕ್ಕೆ ಹಾಕಿದೆ. ಅದೇ ಚಳಿಗಾಲಕ್ಕೆ ನಿನಗೆ ಕೆಮ್ಮು ಹತ್ತಿತು.

ಬುಧವಾರ ಅಪ್ಪ ಬರಲಿಲ್ಲ, ಅವ್ವ ಏಳಲಿಲ್ಲ. ನಾನೇ ಹೋದೆ. ಎರಡು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಏರಿಗೆ ಹೋಗುವಾಗ ಏನು ಮಾತಾಡಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಚಾಚಾ ತೂಬಿನ ಕಲ್ಲಿನ ಮೇಲೆ ಕುಳಿತು ನೀರು ನೋಡುತ್ತಿದ್ದರು. ಹಿಂದೆ ತಿರುಗದೆಯೇ, "ಯಾರು, ಜಯಾ ಏನು? ನೆರಳು ನೀರಿನ ಮ್ಯಾಲೆ ಬೀಳಾಕತ್ತದ. ಕೂಡವ್ವಾ. ಸಪ್ಪಳ ಮಾಡಬ್ಯಾಡ" ಎಂದರು. ನಾನು ಜೋಡಿಸಿಕೊಂಡಿದ್ದ ಮಾತೆಲ್ಲ ಅಲ್ಲಿಗೇ ಮುಗಿಯಿತು. ಕುಳಿತೆ.

ಅಣ್ಣಾ, ನೀನು ಅವರ ಬಗ್ಗೆ ಹೇಳುವಾಗ ನಾನು ನಗುತ್ತಿದ್ದೆ. ಮೀನು ಹಿಡಿಯುವುದರಲ್ಲಿ ಅಂಥದ್ದೇನು ಎಂದು ನಿನ್ನ ಜೊತೆ ವಾದ ಮಾಡುತ್ತಿದ್ದೆ. ಬುಧವಾರ ಎರಡು ತಾಸು ಅವರ ಪಕ್ಕ ಕುಳಿತ ಮೇಲೆ ಆ ಮಾತು ವಾಪಸು ತೆಗೆದುಕೊಳ್ಳುತ್ತೇನೆ. ಮೊದಲ ಅರ್ಧ ತಾಸು ಅವರು ಗಾಳವನ್ನೇ ಬಿಚ್ಚಲಿಲ್ಲ. ಮರಲ್ ನೀರೊಳಗಿದ್ದರೂ ಗಾಳಿ ಕುಡಿಯಲು ಮೇಲೆ ಬರಲೇಬೇಕು ಎಂದು ನೀನು ಹೇಳಿದ್ದೆ. ಅವರು ಅದನ್ನೇ ಕಾಯುತ್ತಿದ್ದರು. ತಾವರೆ ಎಲೆಗಳ ನಡುವೆ ಎಲ್ಲೋ 'ಗುಳಕ್' ಎಂದರೆ ನಾನು ತಿರುಗಿ ನೋಡುವಷ್ಟರಲ್ಲಿ ನೀರಲ್ಲಿ ಬಳೆಯಂಥ ಸುತ್ತು ಮಾತ್ರ ಇರುತ್ತಿತ್ತು. ಅವರು ನೋಡದೆಯೇ ಹೇಳುತ್ತಿದ್ದರು: "ಇದು ಸಣ್ಣದು. ಸಣ್ಣದು ಅವಸರದಾಗ ಕುಡಿತದ." ಇನ್ನೊಂದು ಸಪ್ಪಳಕ್ಕೆ, "ಹಾಂ, ಇದು ಹಿರಿಯಾ. ನೋಡು, ಹೆಂಗ ಆರಾಮಾಗಿ ಕುಡಿತು!" ಆಮೇಲೆ ಸುತ್ತಿನಿಂದ ಮುಂದೆ ಎದ್ದ ನಾಲ್ಕು ಗುಳ್ಳೆಗಳನ್ನು ತೋರಿಸಿ ಮೀನು ಯಾವ ಕಡೆ ಹೊರಟಿದೆ ಎಂದೂ ಹೇಳಿದರು. ಅರವತ್ತರ ಹತ್ತಿರದ ಕಣ್ಣು, ಕಲಾಯಿಯ ಹೊಗೆ ತಿಂದ ಕಣ್ಣು. ನನ್ನ ಹತ್ತೊಂಬತ್ತು ವರ್ಷದ ಕಣ್ಣಿಗೆ ಕಾಣದ್ದು ಅದಕ್ಕೆ ಕಾಣುತ್ತದೆ.

ಆಮೇಲೆ ಕೋಲು ಬಿಚ್ಚಿದರು. ಎರಡು ತುಂಡಿನ ಬಿದಿರು, ನಡುವೆ ತಾವೇ ಬಡಿದು ಮಾಡಿದ ಹಿತ್ತಾಳೆಯ ಕೊಳವೆ. ಗಾಳಕ್ಕೂ ತವರದ ಕಲಾಯಿ ಹಾಕಿದ್ದಾರೆ, ತುಕ್ಕು ಹಿಡಿಯಬಾರದೆಂದು. ಸಣ್ಣ ಕಪ್ಪೆಯೊಂದನ್ನು ಸಿಕ್ಕಿಸಿ ಎಸೆದರು ನೋಡು, ಅದು ನೀರಿನ ಮೇಲೆ ಬಿದ್ದ ಸಪ್ಪಳ ನನಗೆ ಕೇಳಲಿಲ್ಲ. ಎಲೆಯಿಂದ ಎಲೆಗೆ ಕಪ್ಪೆ ತಾನೇ ಜಿಗಿಯುತ್ತಿದೆ ಎನ್ನುವ ಹಾಗೆ ಕೋಲಿನ ತುದಿ ಆಡಿಸಿದರು. ಹಾಗೇ ಏರಿಯ ಬದಿಯಲ್ಲಿ ನಡೆಯುತ್ತಾ ಜೊಂಡಿನ ಹತ್ತಿರ ಬಂದಾಗ ತಟ್ಟನೆ ಕೋಲೆತ್ತಿ ಗಾಳ ಹೊರಗೆ ತೆಗೆದುಬಿಟ್ಟರು. ನೀರಲ್ಲಿ ಬೊಗಸೆಯಷ್ಟು ಕೆಂಪು ಬಣ್ಣ ಕದಲುತ್ತಿತ್ತು. ನೋಡಿದರೆ ಮರಿಗಳು, ಸಾವಿರ ಮರಿಗಳು, ಒಂದೊಂದೂ ಎಳ್ಳಿನಷ್ಟು. ಕೆಳಗೆ ಒಂದು ಕಪ್ಪು ಬೆನ್ನು, ನನ್ನ ತೋಳಿಗಿಂತ ದಪ್ಪ, ಅಲುಗಾಡದೆ ನಿಂತಿತ್ತು. ಅಷ್ಟು ದೊಡ್ಡ ಮೀನು ಕಾಲ ಬುಡದಲ್ಲೇ ಇದೆ, ಹಿಡಿಯಬಾರದೇ ಎಂದು ನಾನು ಪಿಸುಗುಟ್ಟಿದೆ. "ಹಿಡೀಬಹುದು. ಈಗ ಏನು ತೋರಿಸಿದ್ರೂ ಮರಿಗೆ ಬಂತಂತ ಬಂದು ಕಚ್ತಾನ. ಅವ ಹ್ವಾದ ಅಂದ್ರ ಇವು ಒಂದ್ ತಾಸಿನಾಗ ಖಲಾಸ್. ಹಿಂಗ ಹಿಡಿಯೋದು ಶಿಕಾರಿ ಅಲ್ಲ, ಬೇಟಿ" ಎಂದರು. ನಾವಿಬ್ಬರೂ ಹೆಜ್ಜೆ ಎತ್ತಿಟ್ಟು ದೂರ ಸರಿದೆವು. ನಮಾಜು ಮಾಡುತ್ತಿರುವವರ ಬಳಿಯಿಂದ ಸರಿಯುವಷ್ಟು ಮೆಲ್ಲಗೆ ಸರಿದರು ಅವರು.

ಜೊಂಡಿನ ಆಚೆ, ನೀರೊಳಗೆ ಮುಳುಗಿದ ಬಂಡೆಯೊಂದಿದೆಯಂತೆ. ನಿನಗೆ ಗೊತ್ತೇ? ನೀನು ಯಾವತ್ತೂ ಹೇಳಿಲ್ಲ. ಚಾಚಾ ನೀರಿಗಿಳಿದು ಎದೆಮಟ್ಟ ನಿಂತು ಅಲ್ಲಿಗೆ ಎಸೆದರು. "ಈ ಜಾಗಾ ನಿಮಗ ಹೆಂಗ ಗೊತ್ತು ಚಾಚಾ?" ಎಂದು ಕೇಳಿದೆ. ಕೇಳಬಾರದಿತ್ತು. ಅವರು ಕಪ್ಪೆಯ ಮೇಲಿನ ಕಣ್ಣು ತೆಗೆಯದೆ, "ಅವತ್ತು ಎರಡು ದಿನ ಇಲ್ಲೇ ಇದ್ನಲ್ಲ, ಕುತ್ತಿಗಿ ಮಟಾ ನೀರಾಗ. ಮೀನು ಕಾಲಿಗೆ ತಾಗಿ ತಾಗಿ ಹೋಗ್ತಿದ್ವು. ಇದರ ಅಡಿಯಾಗ ಒಬ್ಬ ದೊಡ್ಡಾಂವ ಅದಾನ ಅಂತ ಅವಾಗ್ಲೇ ತಿಳೀತು" ಎಂದರು. ಮಳೆಯ ಮಾತು ಹೇಳಿದಂತೆ ಹೇಳಿದರು. ನಾನು ಸೆರಗು ಬಾಯಿಗೆ ಒತ್ತಿ ಹಿಡಿದೆ.

ಅಷ್ಟರಲ್ಲಿ ಕಪ್ಪೆ ಮಾಯವಾಯಿತು. ನೀರು ಒಡೆದದ್ದು ಹೇಗಿತ್ತೆಂದರೆ ಮೇಲಿನಿಂದ ಯಾರೋ ಕಲ್ಲು ಎತ್ತಿಹಾಕಿದ ಹಾಗೆ. ಚಾಚಾ ಎಳೆಯಲಿಲ್ಲ. ಮೂರು ಎಣಿಸುವಷ್ಟು ಹೊತ್ತು ದಾರ ಬಿಟ್ಟರು, ಆಮೇಲೆ ಮುಂಗೈ ತಿರುಗಿಸಿದರು. ಕೋಲು ಬಾಗಿ ತುದಿ ನೀರಿಗೆ ಹೋಯಿತು. ಮೀನು ಬಂಡೆಯ ಕಡೆ ಓಡಿದರೆ ಇವರು ಕೋಲನ್ನು ಅಡ್ಡ ಮಲಗಿಸಿ ತಡೆಯುತ್ತಿದ್ದರು, ತಾವರೆ ದಂಟಿಗೆ ಸುತ್ತಿಕೊಂಡರೆ ನೀರಲ್ಲಿ ನಡೆದು ಹೋಗಿ ಕಾಲಿನಿಂದಲೇ ದಂಟು ಮುರಿಯುತ್ತಿದ್ದರು. ಎಷ್ಟು ಹೊತ್ತು ನಡೆಯಿತೋ ತಿಳಿಯದು. ಅವರಿಗೆ ಉಸಿರು ಹತ್ತಿತು, ತುಟಿ ಬೆಳ್ಳಗಾಯಿತು. ನಾನು ದಂಡೆಯ ಮೇಲೆ ಅತ್ತಿಂದಿತ್ತ ಓಡಾಡುವುದು ಬಿಟ್ಟು ಬೇರೇನೂ ಮಾಡಲಾರದೆ ಹೋದೆ. ಆಗ ಅವರು ತೋಟದ ಕಡೆ ಮುಖ ಮಾಡಿ ಕೂಗಿದರು: "ಗುಂಡಣ್ಣಾ! ಆ ಬಾಳಿಗಿಡದ ಹಿಂದ ಎಷ್ಟೊತ್ತು ನಿಂತು ನೋಡ್ತಿ? ಬುಟ್ಟಿ ತಗೊಂಡು ಬಾರೋ! ಕೈಯಾಗಿನ ಮೀನು ಹೊಂಟದ!"

ಅಪ್ಪ ಹೇಗೆ ಓಡಿಬಂದ ಎಂದು ನೀನು ನೋಡಬೇಕಿತ್ತು. ಏರಿ ಹತ್ತಿ, ಏರಿ ಇಳಿದು, ಧೋತರ ಸಮೇತ ನೀರಿಗೆ ಬಿದ್ದ. ಬಾಳೆಎಲೆ ಹೊರುವ ದೊಡ್ಡ ಬುಟ್ಟಿಯನ್ನು ಮೀನಿನ ಕೆಳಗೆ ಹಾಕಲು ಹೋಗಿ ಮೊದಲು ತಾನೇ ಮುಳುಗಿದ. ಚಾಚಾ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಅಪ್ಪನ ಅಂಗಿ ಹಿಡಿದು ಎತ್ತಿದರು. "ಮೀನು ಹಿಡೀಲೋ ನಿನ್ನ ಹಿಡೀಲೋ?" ಎಂದು ಬೈದರು. ಎರಡನೆಯ ಸಲ ಬುಟ್ಟಿ ಸರಿಯಾಗಿ ಕೂತಿತು. ಇಬ್ಬರೂ ಅದನ್ನು ದಂಡೆಗೆ ತಂದು ಹಾಕಿ ಕೆಸರಲ್ಲೇ ಕುಸಿದರು. ಅಣ್ಣಾ, ನಾಲ್ಕು ಸೇರಿಗೆ ಕಡಿಮೆ ಇರಲಿಲ್ಲ. ತಲೆ ಹಾವಿನ ಹಾಗೆ ಚಪ್ಪಟೆ, ಹೊಟ್ಟೆಯ ಬದಿಗೆ ಬೂದು ಪಟ್ಟಿ, ಮೈ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಇಷ್ಟು ವರ್ಷ ನಾನು ಬರೀ ಸಾರಿನಲ್ಲಿ ನೋಡಿದವಳು. ಬದುಕಿದ ಮರಲ್ ಇಷ್ಟು ಚೆಂದ ಇರುತ್ತದೆ ಎಂದು ಗೊತ್ತಿರಲಿಲ್ಲ.

ಇಬ್ಬರಿಗೂ ಉಸಿರು ತಹಬಂದಿಗೆ ಬಂದ ಮೇಲೆ ಅಪ್ಪ ತಲೆ ತಗ್ಗಿಸಿ ಹೇಳಿದ: "ಬುರ್ಹಾನ್, ಅವತ್ತು ಚಿಲಕಾ ಹಾಕಿದಾಂವ ನಾನು. ಭೀಮ್ಯಾ ಜ್ವರ ಬಂದು ಒಳಗ ಬಿದ್ದಿದ್ದ. ನೀ ಕರೆದಿದ್ದು ಅವನಿಗಿ ಕೇಳಿಸಿಲ್ಲ." ನಾನು ಅಲ್ಲೇ ಮೂರು ಹೆಜ್ಜೆ ದೂರದಲ್ಲಿದ್ದೆ. ಅಪ್ಪ ನನ್ನ ಕಡೆ ಒಂದು ಸಲ ನೋಡಿದ. ನಾನು ಬಾಯಿ ತೆರೆಯಲಿಲ್ಲ.

ಚಾಚಾ ಮೀನಿನ ಬಾಯಿಂದ ಗಾಳ ಬಿಡಿಸಿದರು. ಆಮೇಲೆ ಅಂದರು, "ಮರ್ತೀನಿ ಅಂದ್ರ ಸುಳ್ಳಾಗ್ತದ ಗುಂಡಣ್ಣ. ಎರಡು ವರ್ಷ ಕನಸಿನಾಗ ಅದೇ ಬಾಗ್ಲಾ. ಈ ಊರಿಗಿ ಕಾಲಿಡಂಗಿಲ್ಲ ಅಂತ ಕಸಮ್ ತಿಂದಿದ್ದೆ. ಈ ಸಲ ಮಿರಗದ ಮಳಿ ಬಂದಾಗ ಮನ್ಯಾಗ ಕೂತ್ರ ಎದಿ ಕಟ್ಟಿದಂಗಾತು. ಮಂದಿ ಮ್ಯಾಲಿನ ಸಿಟ್ಟು ಕೆರಿ ಮ್ಯಾಲೆ ಯಾಕ ಅಂದೆ. ನಾ ಕೆರಿಗಿ ಬಂದೀನಿ, ನಿನ್ನ ಮನಿಗಿ ಇನ್ನೂ ಬಂದಿಲ್ಲ. ಸ್ವಲ್ಪ ದಿನಾ ಹೋಗ್ಲಿ." ಅಪ್ಪ ಹೂಂ ಎಂದ. ಅಷ್ಟೇ. ಆದರೆ ನಾನು ತಂದ ರೊಟ್ಟಿಯನ್ನು ಇಬ್ಬರೂ ಒಂದೇ ಬಟ್ಟೆಯ ಮೇಲಿಟ್ಟುಕೊಂಡು ತಿಂದರು.

ಮೀನು ಎಲ್ಲಿಗೆ ಹೋಯಿತು ಎಂದು ಕೇಳುತ್ತೀಯಾ? ನಮ್ಮ ಮನೆಗಲ್ಲ. ಚಾಚಾ ಅದನ್ನು ಹೆಗಲ ಮೇಲೆ ಹಾಕಿಕೊಂಡು, ಊರವರೆಲ್ಲ ನೋಡುತ್ತಿರುವಂತೆಯೇ, ಅಗಸರ ಸಾಬಮ್ಮನ ಗುಡಿಸಲಿಗೆ ಹೋದರು. ಆ ಎರಡು ದಿನ ಅವರು ಜೊಂಡಿನಲ್ಲಿರುವುದನ್ನು ಬಟ್ಟೆ ಒಗೆಯಲು ಬಂದ ಸಾಬಮ್ಮ ನೋಡಿದ್ದಳಂತೆ. ಯಾರಿಗೂ ಹೇಳದೆ, ಹೊತ್ತಿಗೊಂದು ರೊಟ್ಟಿ ಒಗೆಯುವ ಕಲ್ಲಿನ ಮೇಲಿಟ್ಟು ಹಿಂದೆ ನೋಡದೆ ಹೋಗುತ್ತಿದ್ದಳಂತೆ. ನಮ್ಮ ಬಟ್ಟೆಯನ್ನೂ ಅವಳೇ ಒಗೆಯುತ್ತಾಳೆ, ವಾರಕ್ಕೆರಡು ಸಲ ಮನೆಗೆ ಬರುತ್ತಾಳೆ. ಎರಡು ವರ್ಷದಲ್ಲಿ ಒಂದು ಮಾತು ಬಾಯಿಬಿಟ್ಟಿರಲಿಲ್ಲ. ಅಷ್ಟು ದೊಡ್ಡ ಮೀನು ನೋಡಿ ಅವಳು, "ಇದನ್ನ ಕೊಯ್ಯಾಕ ನನ್ನ ಈಳಿಗಿ ಸಾಲಂಗಿಲ್ರೀ ಸಾಹೇಬ್ರ" ಎಂದಳಂತೆ.

ಶುಕ್ರವಾರ ಅವ್ವ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಟ್ಟು ನನ್ನನ್ನು ಕಲಬುರಗಿಗೆ ಕಳಿಸಿದಳು. ಶರಣಬಸಪ್ಪನ ಗುಡಿಯ ಹತ್ತಿರ ಶಾಲೆಗೆ ಹೋಗುತ್ತಿದ್ದ ನಾಲ್ಕು ವರ್ಷದಲ್ಲಿ ನಾನು ಮೋಮಿನಪುರದೊಳಗೆ ಒಂದು ಸಲವೂ ಕಾಲಿಟ್ಟಿರಲಿಲ್ಲ. ಕಲಾಯಿ ಬುರ್ಹಾನುದ್ದೀನ್ ಎಂದು ಕೇಳಿದರೆ ಓಣಿಯ ಬಾಯಲ್ಲೇ ಕೈ ಮಾಡಿ ತೋರಿಸಿದರು. ಮೆಹಬೂಬಿ ಚಾಚಿ ನನ್ನನ್ನು ಮೊದಲು ಗುರುತು ಹಿಡಿಯಲಿಲ್ಲ. ಯಾರ ಮಗಳು ಎಂದು ಹೇಳಿದಾಗ ಮುಖ ಬಿಗಿಯಾಯಿತು. ಬಿಗಿಯಾಗದೆ ಏನಾಗಬೇಕು? ಆದರೂ ಒಳಗೆ ಕರೆದು, ಚಾಪೆ ಹಾಸಿ, ಚಹಾ ಮಾಡಿ ಕೊಟ್ಟರು. ಚಹಾ ಕುಡಿಯುವಾಗ ಹೇಳಿದರು: "ಬುಧವಾರ ಸಂಜೀಕ ಮೈತುಂಬ ಕೆಸರು ಮಾಡ್ಕೊಂಡು ಬಂದ್ರು. ಮೀನು ಎಲ್ಲಿ ಅಂದೆ. ನಕ್ಕರು. ಅವರು ನಕ್ಕಿದ್ದು ನೋಡಿ ಎಷ್ಟು ದಿನಾ ಆಗಿತ್ತವ್ವ." ಆಮೇಲೆ ಚಾಚಾ ಬಂದರು. ಬಾಳೆಹಣ್ಣು ಮೂಸಿ ನೋಡಿ ಕೂತರು. ನಿನ್ನನ್ನು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ವಿಕಾರಾಬಾದಿನ ಗುಡ್ಡದ ಮೇಲಿನ ದವಾಖಾನೆ, ಎಂಟು ತಿಂಗಳು, ಕ್ಷಯಕ್ಕೆ ಒಂದು ಶ್ವಾಸಕೋಶ ಕೆಟ್ಟಿದೆ. ಅವರು ಎದ್ದು ಹೋಗಿ ಒಳಗಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತು ಬಂದರು.

ಇವರಂಥ ಮನುಷ್ಯರನ್ನು ನಾನು ನೋಡಿಲ್ಲ ಅಣ್ಣಾ. ಸಿಟ್ಟನ್ನು ಮುಚ್ಚಿಡುವುದಿಲ್ಲ, ಸಿಟ್ಟಿನ ಕೈಯಲ್ಲಿ ತಮ್ಮನ್ನು ಕೊಟ್ಟುಕೊಳ್ಳುವುದೂ ಇಲ್ಲ. ಮರಿ ಕಾಯುವ ಮೀನಿಗೆ ಗಾಳ ಹಾಕದವರು. ನೀನು ಇವರ ಕೈಯಲ್ಲಿ ಕಲಿತವನು ಎನ್ನುವುದು ನನಗೆ ಹೆಮ್ಮೆ.

ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ. ಸ್ವೆಟರು ಬಿಚ್ಚಬಾರದಂತೆ, ಗುಡ್ಡದ ಗಾಳಿ ಕೆಟ್ಟದಂತೆ. ಅಪ್ಪ ಏನೂ ಹೇಳಿಲ್ಲ, ಆದರೆ ನಾನು ಬರೆಯುತ್ತಿರುವಾಗ ಎರಡು ಸಲ ಬಂದು ಇನ್ನೂ ಎಷ್ಟು ಹಾಳೆ ಉಳಿದಿವೆ ಎಂದು ನೋಡಿ ಹೋದ. ಊಟ ಸರಿಯಾಗಿ ಮಾಡು. ತೂಕ ಬರೆ.

ನಿನ್ನ ತಂಗಿ,
ಜಯದೇವಿ

ತಾ.ಕ.: ಬಸ್ಸಿನ ಹಾರ್ನು ಕೇಳಿಸುತ್ತಿದೆ. ಡ್ರೈವರನ ಕೈಯಲ್ಲಿ ಕೊಟ್ಟು ಇವತ್ತೇ ಕಲಬುರಗಿಯಲ್ಲಿ ಟಪಾಲಿಗೆ ಹಾಕಿಸುತ್ತೇನೆ, ಬುಧವಾರದೊಳಗೆ ಇದು ನಿನಗೆ ಮುಟ್ಟಲೇಬೇಕು. ಚಾಚಾ ಗುರುವಾರ ನಿನ್ನನ್ನು ನೋಡಲು ಬರುತ್ತಿದ್ದಾರೆ. ವಾಡಿಯಲ್ಲಿ ಗಾಡಿ ಬದಲಿಸಿ ಮಧ್ಯಾಹ್ನದೊಳಗೆ ಅಲ್ಲಿರುತ್ತಾರೆ. ನನ್ನ ಹತ್ತಿರ ನಿನ್ನ ವಿಳಾಸ ಬರೆಸಿಕೊಂಡಿದ್ದಾರೆ. ನಿನಗೆ ಜ್ವರವಿತ್ತು, ಅವರ ಕೂಗು ಕೇಳಿಸಲಿಲ್ಲ ಎಂದೇ ಅವರು ನಂಬಿದ್ದಾರೆ. ಅದು ಹಾಗೇ ಇರಲಿ, ಮಗ ಮೊದಲು ಗುಣವಾಗಲಿ ಎನ್ನುತ್ತಾನೆ ಅಪ್ಪ. ಇದನ್ನು ನಿನಗೆ ಬರೆದದ್ದು ಅವನಿಗೆ ಗೊತ್ತಿಲ್ಲ. ಚಾಚಾಗೆ ನಿಜ ಹೇಳುವುದೋ ಬಿಡುವುದೋ ನೀನೇ ನೋಡು. ಹೇಳುವುದಾದರೆ ನನ್ನ ಹೆಸರನ್ನೂ ಸೇರಿಸಿ ಹೇಳು.